ಸೋರಿದ ತಾರಸಿಯ ಕೆಳಗಿನ ಕೋಣೆಗೆ ಬಣ್ಣ ಯಾವಾಗ?

ಪ್ರಶ್ನೆ: ನಮ್ಮದು ಸಾಗರದಲ್ಲಿರುವ 22 ವರ್ಷದ ಆರ್‌ಸಿಸಿ ಮನೆ. ಗೋಡೆ ಜಂಬಿಟ್ಟಿಗೆಯದು. ಈ ಬಾರಿ ಆಶ್ಲೇಷ ಮಳೆಯಲ್ಲಿ ಮಹಡಿಯ ಮಲಗುವ ಕೋಣೆಯ ಫ್ಯಾನಿನ ಬುಡದಿಂದ ನೀರು ತೊಟ್ಟಿಕ್ಕತೊಡಗಿತು. ಮಳೆ ಬಿಟ್ಟು ಎರಡು ದಿನವಾದರೂ ಹನಿಯುವುದು ನಿಲ್ಲುವುದಿಲ್ಲ. ಸೂರಿನ ಗಾರೆ ಎರಡು ಕಡೆ ಕಳಚಿ ಬಿದ್ದು ಕಂಬಿ ಕಾಣುತ್ತಿದೆ, ಪಕ್ಕದ ಹಾಲಿನ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹೊಟ್ಟೆ ಬಿಟ್ಟಿದೆ, ವಾರ್ಡ್‌ರೋಬಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ಬಣ್ಣದವರು ‘ಹಳೆಯದನ್ನು ಕೆರೆದು, ಪುಟ್ಟಿ ಹಾಕಿ, ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಐದು ದಿನದಲ್ಲಿ ಹೊಸ ಮನೆಯಂತಾಗುತ್ತದೆ’ ಎನ್ನುತ್ತಾರೆ. ತುಳಸಿ ಪೂಜೆ ಕಳೆದ ಮೇಲೆ ಮಗಳ ನಿಶ್ಚಿತಾರ್ಥವನ್ನು ಮನೆಯಲ್ಲೇ ಮಾಡಬೇಕೆಂದಿದ್ದೇವೆ. ಕೆಲಸ ಶುರು ಮಾಡಿಸಬಹುದೇ?

ಉತ್ತರ: ಕೆಲಸ ಶುರು ಮಾಡಿಸಿ, ಆದರೆ ಬಣ್ಣದಿಂದ ಅಲ್ಲ. ಬಣ್ಣದವರು ಸುಳ್ಳು ಹೇಳಿಲ್ಲ. ಐದು ದಿನದಲ್ಲಿ ಕೋಣೆ ಹೊಸದರಂತೆ ಕಾಣುವುದು ನಿಜ, ಮತ್ತು ಬಹುಶಃ ನಿಶ್ಚಿತಾರ್ಥದ ದಿನದವರೆಗೂ ಹಾಗೆಯೇ ಕಾಣುತ್ತದೆ. ಅದಾದ ಮೇಲೆ ಗೋಡೆಯೊಳಗೆ ಸಿಕ್ಕಿಕೊಂಡ ನೀರು ಹೊರಗೆ ಬರಲು ದಾರಿ ಹುಡುಕುತ್ತದೆ, ಬಣ್ಣದ ಪದರ ಗುಳ್ಳೆ ಏಳುತ್ತದೆ, ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಕೈಗೆ ಬರುತ್ತದೆ. ನೀರು ಹೋಗದಂತೆ ತಡೆಯುವ ಬಣ್ಣವನ್ನು ನೀರು ಬರುವ ಕಡೆಗೆ ಹಚ್ಚಬೇಕು; ಅದನ್ನು ನೀರು ಹೊರಬೀಳುವ ಕಡೆಗೆ ಹಚ್ಚಿದರೆ ಗೋಡೆಯ ಬಾಯಿ ಮುಚ್ಚಿದಂತಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಮೊದಲು ಅಪಾಯ ತಪ್ಪಿಸುವುದು, ಆಮೇಲೆ ನೀರಿನ ದಾರಿ ಪತ್ತೆ ಮಾಡಿ ಕಟ್ಟುವುದು, ಆಮೇಲೆ ಒಣಗಿಸುವುದು, ಕೊನೆಗೆ ಗಾರೆ ಮತ್ತು ಬಣ್ಣ. ಈ ಕೆಲಸಗಳಲ್ಲಿ ಅತಿ ಹೆಚ್ಚು ದಿನ ಹಿಡಿಯುವುದು ಒಣಗಿಸುವುದು. ಅದಕ್ಕೆ ಯಾರೂ ಕೂಲಿ ಕೇಳುವುದಿಲ್ಲವಾದ್ದರಿಂದ ಯಾರ ಅಂದಾಜು ಪಟ್ಟಿಯಲ್ಲಿಯೂ ಅದು ಇರುವುದಿಲ್ಲ.

ಇವತ್ತೇ ಮಾಡಬೇಕಾದುದು ವಿದ್ಯುತ್ತಿನ ಕೆಲಸ. ಫ್ಯಾನಿನ ಬುಡದಿಂದ ನೀರು ಬರುತ್ತಿದೆ ಎಂದರೆ ತಾರಸಿಯ ಕಾಂಕ್ರೀಟಿನೊಳಗೆ ಹಾಕಿರುವ ವೈರಿಂಗ್ ಪೈಪಿನಲ್ಲಿ ನೀರು ಹರಿದು, ಫ್ಯಾನಿನ ಪೆಟ್ಟಿಗೆಯಲ್ಲಿ ಹೊರಬೀಳುತ್ತಿದೆ ಎಂದರ್ಥ. ಮುಖ್ಯ ಬೋರ್ಡಿನಲ್ಲಿ ಆ ಕೋಣೆಗೆ ಕರೆಂಟು ಕಡಿಯುವ ಸ್ವಿಚ್ಚನ್ನು, ಅಂದರೆ ಎಂಸಿಬಿಯನ್ನು ಇಳಿಸಿ, ಇಳಿಸಿಯೇ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ಸ್ವಿಚ್ಚಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಮನೆಯ ಮುಖ್ಯ ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ (ನಮ್ಮಲ್ಲಿ ಇದನ್ನು ಈಗಲೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ) ಈ ನೆಪದಲ್ಲಾದರೂ ಹಾಕಿಸಿ. ಪೈಪು ಒಣಗಿದ ಮೇಲೆ ಎಲೆಕ್ಟ್ರಿಷಿಯನ್ನರಿಂದ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಿಡಿಸಿ, ತಂತಿಗೂ ಅರ್ತಿಗೂ ನಡುವಿನ ಇನ್ಸುಲೇಷನ್ ಕನಿಷ್ಠ 1 ಮೆಗಾ ಓಮ್ ತೋರಿಸಿದ ಬಳಿಕವೇ ಕರೆಂಟು ಕೊಡಿಸಿ. ‘ಫ್ಯಾನ್ ತಿರುಗುತ್ತಿದೆಯಲ್ಲ, ಏನೂ ಆಗಿಲ್ಲ’ ಎನ್ನುವುದು ಪರೀಕ್ಷೆಯಲ್ಲ. ನೀರು ಇಳಿದ ಫ್ಯಾನು ಕೆಲವೊಮ್ಮೆ ತಿಂಗಳುಗಟ್ಟಲೆ ಚೆನ್ನಾಗಿಯೇ ತಿರುಗುತ್ತದೆ, ಅದರ ಕೊಕ್ಕೆ ಮಾತ್ರ ಒಳಗೊಳಗೇ ತುಕ್ಕು ಹಿಡಿಯುತ್ತಿರುತ್ತದೆ. ಆದ್ದರಿಂದ ಕೊಕ್ಕೆಯನ್ನೂ ಬಿಚ್ಚಿಸಿ ನೋಡಿ.

ಹೊಟ್ಟೆ ಬಿಟ್ಟ ಫಾಲ್ಸ್ ಸೀಲಿಂಗಿನ ಮೇಲೆ ಎಷ್ಟು ನೀರು ನಿಂತಿದೆ ಎಂದು ಕೆಳಗಿನಿಂದ ಗೊತ್ತಾಗುವುದಿಲ್ಲ. ಒಂದು ದೊಡ್ಡ ಬಕೆಟಿನಷ್ಟಿದ್ದರೂ ಇಪ್ಪತ್ತು ಕಿಲೋ ಭಾರ, ಅದೂ ನೆನೆದು ಬಲ ಕಳೆದುಕೊಂಡ ಹಲಗೆಯ ಮೇಲೆ. ಹಾಲಿನ ದೀಪಗಳ ಎಂಸಿಬಿಯನ್ನೂ ಇಳಿಸಿ, ಕೆಳಗಿನ ಸಾಮಾನು ಸರಿಸಿ, ಹೊಟ್ಟೆಯ ಅತಿ ತಗ್ಗಾದ ಜಾಗಕ್ಕೆ ಪಕ್ಕದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಒಂದು ಸಣ್ಣ ತೂತು ಮಾಡಿ ನೀರನ್ನು ಬಕೆಟಿಗೆ ಇಳಿಸಿ. ಒಮ್ಮೆ ಜೋತುಬಿದ್ದ ಜಿಪ್ಸಮ್ ಹಲಗೆ ಒಣಗಿದರೂ ನೆಟ್ಟಗಾಗುವುದಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆಸುವುದೇ ಸರಿ. ತೆಗೆಸಿದ ಜಾಗವನ್ನು ಮುಚ್ಚದೆ ಹಾಗೆಯೇ ಬಿಟ್ಟರೆ ಮೇಲಿನ ಕಾಂಕ್ರೀಟಿಗೂ ಗಾಳಿಯಾಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕಂಬಿ ಕಾಣುತ್ತಿರುವ ಸಂಗತಿ. ಸೂರಿಗೆ ಹಾಕುವ ಗಾರೆ ಸುಮಾರು 6 ಮಿ.ಮೀ. ದಪ್ಪದ್ದು ಮಾತ್ರ, ಅದರ ಮೇಲೆ, ಕಂಬಿಯ ಕೆಳಗೆ, 15ರಿಂದ 20 ಮಿ.ಮೀ.ನಷ್ಟು ಕಾಂಕ್ರೀಟು ಇರಬೇಕು. ಕೆಲಸದವರು ಅದನ್ನು ‘ಕವರ್’ ಎನ್ನುತ್ತಾರೆ. ಬರೀ ಗಾರೆ ಬಿದ್ದರೆ ಕಂಬಿ ಕಾಣುವುದಿಲ್ಲ. ಕಂಬಿ ಕಾಣುತ್ತಿದೆ ಎಂದರೆ ಕವರ್ ಕೂಡ ಉದುರಿದೆ, ಇಲ್ಲವೇ ಕಟ್ಟುವಾಗ ಕವರ್ ಬಿಟ್ಟೇ ಇರಲಿಲ್ಲ. ಹೊಸ ಕಾಂಕ್ರೀಟು ಕ್ಷಾರೀಯವಾಗಿರುವುದರಿಂದ ಕಂಬಿಗೆ ತುಕ್ಕು ಹಿಡಿಯಲು ಬಿಡುವುದಿಲ್ಲ; ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಕ್ಷಾರ ಗುಣವನ್ನು ಕಳೆಯುತ್ತದೆ, ಆಮೇಲೆ ನೀರು ಸೇರಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕವರ್ ಒಡೆದು ಬೀಳುತ್ತದೆ. ಅಂದರೆ ಇದು ಈ ಒಂದು ಮಳೆಗಾಲದ ಹಾನಿಯಲ್ಲ, ಹಲವು ಮಳೆಗಾಲಗಳದ್ದು. ಈ ವರ್ಷ ಕಣ್ಣಿಗೆ ಬಿದ್ದಿದೆ ಅಷ್ಟೆ.

ಆದ್ದರಿಂದ ಆ ಕೋಣೆಯಲ್ಲಿ ಸದ್ಯ ಯಾರೂ ಮಲಗುವುದು ಬೇಡ. ಉದ್ದನೆಯ ಕೋಲಿಗೆ ಸಣ್ಣ ಸುತ್ತಿಗೆ ಕಟ್ಟಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬದಿಗೆ ನಿಂತು ಸೂರನ್ನು ಅಡಿಗೊಂದು ಕಡೆಯಂತೆ ತಟ್ಟಿಸಿ. ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ, ಬಿಟ್ಟುಕೊಂಡದ್ದು ಡಬ ಡಬ ಎನ್ನುತ್ತದೆ. ಡಬ ಎಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಸಿ, ಆ ಗುರುತುಗಳ ಸಮೇತ ಸೂರನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಮೇಸ್ತ್ರಿಯ ಅಭಿಪ್ರಾಯ ಇಲ್ಲಿ ಸಾಲದು. ಕಾರಣ ಇಷ್ಟೆ: 8 ಮಿ.ಮೀ. ಕಂಬಿ ತುಕ್ಕು ತಿಂದು 7 ಮಿ.ಮೀ.ಗೆ ಇಳಿದರೆ ನೋಡುವವರಿಗೆ ಎಂಟರಲ್ಲಿ ಒಂದು ಪಾಲು ಹೋದಂತೆ ತೋರುತ್ತದೆ, ಆದರೆ ಬಲ ನಿಂತಿರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ. ಅದರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಹೋಗಿರುತ್ತದೆ. ಹೊಸ ಕಂಬಿ ಸೇರಿಸಬೇಕೇ, ಇದ್ದದ್ದೇ ಸಾಕೇ ಎಂಬುದನ್ನು ಲೆಕ್ಕ ಹಾಕಿ ಹೇಳಬಲ್ಲವರೇ ಹೇಳಬೇಕು.

ಏನನ್ನಾದರೂ ತೆಗೆಸುವ ಮೊದಲು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಗೆ ವಿಮೆ ಇದ್ದರೆ ಪಾಲಿಸಿಯನ್ನೊಮ್ಮೆ ಓದಿ. 2021ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕು ಅಥವಾ ಪೈಪು ಒಡೆದು ಇಲ್ಲವೇ ತುಂಬಿ ಹರಿದು ಆಗುವ ಹಾನಿಗಳ ಹೆಸರಿದೆ. ಹಳೆಯ ತಾರಸಿ ವರ್ಷವರ್ಷವೂ ಜಿನುಗಿ ಆದ ಹಾನಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಪ್ರಕರಣದಲ್ಲಿ ಹಣ ಸಿಗುವ ಭರವಸೆ ನಾನು ಕೊಡಲಾರೆ, ಆದರೆ ಗಾಳಿಮಳೆಗೆ ತಾರಸಿಯ ಮೇಲಿನದ್ದೇನಾದರೂ ಮುರಿದು ಸೋರಿಕೆ ಹೆಚ್ಚಿದ್ದರೆ ತಡಮಾಡದೆ ತಿಳಿಸುವುದು ಒಳ್ಳೆಯದು.

ವಾರ್ಡ್‌ರೋಬನ್ನು ಗೋಡೆಯಿಂದ ಬಿಡಿಸಿ ಒಂದಡಿ ಮುಂದಕ್ಕೆ ತನ್ನಿ. ಪಾರ್ಟಿಕಲ್ ಬೋರ್ಡಿನದಾಗಿದ್ದು ಅಂಚು ಊದಿಕೊಂಡಿದ್ದರೆ ಅದರ ಆಸೆ ಬಿಡಬೇಕು. ಒಳ್ಳೆಯ ಪ್ಲೈವುಡ್ಡಿನದಾದರೆ ಹಿಂದಿನ ಹಲಗೆ ತೆಗೆದು ಒಣಗಿಸಿದರೆ ಉಳಿಯುತ್ತದೆ. ಮಗಳ ನಿಶ್ಚಿತಾರ್ಥಕ್ಕೆಂದು ಇಟ್ಟ ರೇಷ್ಮೆ ಸೀರೆಗಳಿಗೆ ತೇವ ತಗುಲಿದ್ದರೆ ಮಡಿಕೆಯಲ್ಲೇ ಬಿಡಬೇಡಿ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತದಂತೆ ಬಿಡಿಬಿಡಿಯಾಗಿ ನೆರಳಿನಲ್ಲಿ ಹರವಿ. ಮನೆಪತ್ರ, ಜಾತಕ, ಹಳೆಯ ಫೋಟೋಗಳಂಥವು ನೆನೆದಿದ್ದು ಕೂಡಲೇ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿ ಇಡಿ. ನಗು ಬರಬಹುದು, ಆದರೆ ಬೂಷ್ಟು ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ. ಪುರುಸೊತ್ತಾದಾಗ ಒಂದೊಂದೇ ಹೊರಗೆ ತೆಗೆದು ಒಣಗಿಸಬಹುದು.

ಇನ್ನು ನೀರಿನ ದಾರಿಯ ವಿಷಯ. ಕೆಳಗೆ ಹನಿ ಬೀಳುವ ಜಾಗಕ್ಕೆ ನೇರ ಮೇಲೆ ತೂತು ಇರುತ್ತದೆ ಎಂದುಕೊಳ್ಳುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಫ್ಯಾನಿನ ಪೆಟ್ಟಿಗೆ ನೀರಿಗೆ ಸಿಕ್ಕ ಬಾಗಿಲು ಮಾತ್ರ. ಅದು ಒಳಗಿಳಿದದ್ದು ಹತ್ತಡಿ ಆಚೆ, ಪ್ಯಾರಾಪೆಟ್ಟಿನ ಬುಡದಲ್ಲೋ ಮಳೆನೀರಿನ ಪೈಪಿನ ಬಾಯಲ್ಲೋ ಟ್ಯಾಂಕಿನ ಕಟ್ಟೆಯ ಕೆಳಗೋ ಸೋಲಾರ್ ಹೀಟರಿನ ಕಾಲು ಊರಲು ಕೊರೆದ ತೂತಿನಲ್ಲೋ ಇರಬಹುದು. ಸೋರುವ ಸಮಯವೇ ಅರ್ಧ ಉತ್ತರ ಹೇಳುತ್ತದೆ. ಮಳೆ ಶುರುವಾದ ಕೂಡಲೇ ಹನಿದು ಮಳೆ ನಿಂತ ಕೂಡಲೇ ನಿಂತರೆ ನೇರವಾದ ಬಿರುಕಿದೆ. ಬಿಸಿಲಿದ್ದರೂ, ವಾರಗಟ್ಟಲೆ ಮಳೆ ಇಲ್ಲದಿದ್ದರೂ ಹನಿದರೆ ಅದು ಟ್ಯಾಂಕಿನ ಅಥವಾ ಸೋಲಾರಿನ ಪೈಪಿನ ನೀರು. ನಿಮ್ಮಲ್ಲಿ ಆಗುತ್ತಿರುವಂತೆ ಮಳೆ ಬಿಟ್ಟು ಎರಡು ದಿನ ಹನಿಯುತ್ತಿದ್ದರೆ ತಾರಸಿಯ ಮೇಲ್ಪದರವೇ ನೀರು ಕುಡಿದು ಕೂತಿದೆ ಎಂದರ್ಥ. ಇಪ್ಪತ್ತೆರಡು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ಕಾಂಕ್ರೀಟಿನ ಮೇಲೆ ಇಟ್ಟಿಗೆ ಚೂರು ಹಾಸಿ, ವಾಟ (ನೀರು ಹರಿಯುವಷ್ಟು ಇಳಿಜಾರು) ಕೊಟ್ಟು, ಮೇಲೆ ಸಿಮೆಂಟು ಎಳೆಯುವ ಪದ್ಧತಿ ಸಾಮಾನ್ಯವಾಗಿತ್ತು. ಮೇಲಿನ ಸಿಮೆಂಟಿನಲ್ಲಿ ಬಿರುಕು ಬಂದರೆ ಕೆಳಗಿನ ಇಟ್ಟಿಗೆ ಚೂರಿನ ಪದರ ಸ್ಪಂಜಿನಂತೆ ನೀರು ಹಿಡಿದುಕೊಂಡು ನಿಧಾನವಾಗಿ ಕೆಳಗೆ ಬಿಡುತ್ತಿರುತ್ತದೆ. ಇದನ್ನು ಊಹೆಯಲ್ಲಿ ಬಿಡಬೇಕಿಲ್ಲ: ಮಳೆ ಇಲ್ಲದ ಎರಡು ದಿನ ನೋಡಿಕೊಂಡು ತಾರಸಿಯ ತಗ್ಗಾದ ಮೂಲೆಯಲ್ಲಿ ಒಂದಡಿ ಚೌಕದಷ್ಟು ಮೇಲ್ಪದರ ಕೀಳಿಸಿ ನೋಡಿ. ಚೂರುಗಳು ಒದ್ದೆಯಾಗಿದ್ದರೆ ಅನುಮಾನವೇ ಇಲ್ಲ.

ಬಿರುಕಿನ ಜಾಗ ಗೊತ್ತಾಗದಿದ್ದರೆ ಮಳೆ ಮುಗಿದ ಮೇಲೆ ಹೋಸ್ ಪೈಪಿನಿಂದ ತಾರಸಿಯ ಒಂದೊಂದೇ ಭಾಗಕ್ಕೆ, ತಗ್ಗಿನ ಕಡೆಯಿಂದ ಶುರುಮಾಡಿ, ಅರ್ಧರ್ಧ ಗಂಟೆ ನೀರು ಬಿಟ್ಟು ಕೆಳಗೆ ಒಬ್ಬರನ್ನು ನಿಲ್ಲಿಸಿ. ಇಡೀ ತಾರಸಿಗೆ ಒಮ್ಮೆಲೇ ನೀರು ಕಟ್ಟಿ ನಿಲ್ಲಿಸುವ ಪರೀಕ್ಷೆ ನಿಮಗೆ ಈಗ ಬೇಡ. ಹತ್ತಡಿಗೆ ಹತ್ತಡಿ ಜಾಗದಲ್ಲಿ 2 ಇಂಚು ನೀರು ನಿಂತರೆ ಸುಮಾರು 470 ಕಿಲೋ. ಗಟ್ಟಿ ತಾರಸಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಕಂಬಿ ಹೊರಬಿದ್ದ ತಾರಸಿಯ ಮೇಲೆ ಎಂಜಿನಿಯರ್ ನೋಡುವ ಮೊದಲು ಆ ಸಾಹಸ ಸಲ್ಲದು. ಆ ಪರೀಕ್ಷೆ ದುರಸ್ತಿಯಾದ ಬಳಿಕದ್ದು.

ಈಗ ಒಣಗಿಸುವುದು. ಮಲೆನಾಡಿನಲ್ಲಿ ಇದು ಬಯಲುಸೀಮೆಗಿಂತ ಬೇರೆಯೇ ಕೆಲಸ. ಚಿತ್ರದುರ್ಗದಲ್ಲಿ ಕಿಟಕಿ ತೆರೆದಿಟ್ಟರೆ ಒಣಗುವ ಗೋಡೆ ಸಾಗರದಲ್ಲಿ ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಇನ್ನಷ್ಟು ತೇವವಾಗಬಹುದು, ಏಕೆಂದರೆ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಅದು ಗೋಡೆಯ ನೀರನ್ನು ಹೀರಲಾರದು. ಮಳೆ ಬಿಟ್ಟು ಬಿಸಿಲು ಕಂಡ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಎದುರುಬದುರಿನ ಕಿಟಕಿಗಳನ್ನು ತೆರೆದು, ಬೇರೆ ಕೋಣೆಯಿಂದ ವೈರ್ ಎಳೆದು ಪೆಡೆಸ್ಟಲ್ ಫ್ಯಾನನ್ನು ಗೋಡೆಯ ಉದ್ದಕ್ಕೆ ಗಾಳಿ ಸವರಿಹೋಗುವಂತೆ ಇಡಿ. ಸಂಜೆಯಾದೊಡನೆ ಕಿಟಕಿ ಮುಚ್ಚಿ. ಮುಚ್ಚಿದ ಹೊತ್ತಿನಲ್ಲಿ ಡಿಹ್ಯುಮಿಡಿಫೈಯರ್ ಓಡಿಸಬಹುದಾದರೆ ಉತ್ತಮ. ಮಲೆನಾಡಿನ ಮನೆಗಳಿಗೆ ಏಸಿಗಿಂತ ಈ ಯಂತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊದಲ ವಾರ ಅದರ ತೊಟ್ಟಿ ದಿನವೂ ತುಂಬುತ್ತದೆ, ಕ್ರಮೇಣ ಕಡಿಮೆಯಾಗುತ್ತದೆ. ಆ ಇಳಿಕೆಯೇ ಗೋಡೆ ಒಣಗುತ್ತಿರುವುದಕ್ಕೆ ಲೆಕ್ಕ. ಅದನ್ನು ಓಡಿಸುವಾಗ ಕಿಟಕಿ ತೆರೆದಿಟ್ಟರೆ ಇಡೀ ಸಾಗರ ತಾಲ್ಲೂಕನ್ನು ಒಣಗಿಸಲು ಹೊರಟಂತೆ.

ಒಂದು ಎಚ್ಚರಿಕೆ. ನಮ್ಮ ಕಡೆ ತೇವದ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿಟ್ಟು ಬಾಗಿಲು ಮುಚ್ಚುವ ರೂಢಿಯಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಗ್ಯಾಸ್ ಒಲೆ ಹಚ್ಚಿಡುವುದೂ ಬೇಡ, ಏಕೆಂದರೆ ಆ ಅಪಾಯದ ಜೊತೆಗೆ ಅದು ಕೆಲಸವನ್ನೇ ಕೆಡಿಸುತ್ತದೆ: 1 ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ಗೋಡೆ ಒಣಗಿಸಲು ಹಚ್ಚಿದ ಉರಿ ಗೋಡೆಗೆ ನೀರುಣಿಸುತ್ತದೆ.

ಗೋಡೆಯ ಮೇಲಿನ ಹಳೆಯ ಎಮಲ್ಷನ್ ಬಣ್ಣ ಮತ್ತು ಪುಟ್ಟಿಯನ್ನು ಒಣಗಿಸುವ ಮೊದಲೇ ಕೆರೆಸಿ, ಬಿಟ್ಟುಕೊಂಡ ಗಾರೆಯನ್ನು ತೆಗೆಸಿಬಿಡಿ. ಅಂಗಿ ಬಿಚ್ಚದೆ ಮೈ ಒಣಗುವುದಿಲ್ಲ. ಕೆರೆಯುವಾಗ ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆಸಿ. ಮನೆಗೆ ಬಣ್ಣ ಹೊಡೆಸಿ ಬಹಳ ವರ್ಷಗಳಾಗಿದ್ದರೆ ಅದರಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಒಣ ಮರಳು ಕಾಗದದ ದೂಳು ಮಕ್ಕಳಿಗೂ ಬಸುರಿಯರಿಗೂ ಒಳ್ಳೆಯದಲ್ಲ. ಒಣಗುತ್ತಾ ಬಂದಂತೆ ಗೋಡೆಯ ಮೇಲೆ ಬಿಳಿ ಉಪ್ಪಿನ ಪುಡಿ ಹೂತಂತೆ ಕಾಣಿಸಿಕೊಳ್ಳುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ತೆಗೆಯಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಗೋಡೆಯೊಳಕ್ಕೇ ಮರಳಿ, ಮುಂದಿನ ತಿಂಗಳು ಮತ್ತೆ ಬರುತ್ತದೆ.

ಎಷ್ಟು ದಿನ ಎಂದು ಕೇಳುತ್ತೀರಿ. ಪೂರ್ತಿ ನೆನೆದ ಇಟ್ಟಿಗೆ ಗೋಡೆ ತಾನಾಗಿ ಒಣಗಲು ಇಂಚಿಗೊಂದು ತಿಂಗಳು ಎಂಬ ಸ್ಥೂಲ ಲೆಕ್ಕವೊಂದು ಎಂಜಿನಿಯರುಗಳಲ್ಲಿ ಬಳಕೆಯಲ್ಲಿದೆ. ನಿಮ್ಮ ಗೋಡೆ ಪೂರ್ತಿ ನೆನೆದಿರಲಾರದು, ಮೇಲ್ಭಾಗ ಮಾತ್ರ ನೆನೆದಿರಬಹುದು. ಆದರೆ ಜಂಬಿಟ್ಟಿಗೆ ರಂಧ್ರಮಯ ಕಲ್ಲು, ನೀರು ಹೀರಿದರೆ ಬೇಗ ಬಿಡುವುದಿಲ್ಲ. ಆಗಸ್ಟಿನಲ್ಲಿ ನೆನೆದ ಗೋಡೆ ಜನವರಿಗೆ ಒಣಗಿತೆಂದರೆ ಸಂತೋಷಪಡಬೇಕು. ಕಣ್ಣಿಗೆ ಒಣಗಿದಂತೆ ಕಂಡರೆ ನಂಬಬೇಡಿ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥಿನ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಮಾರನೆಯ ದಿನ ತೆಗೆದು ನೋಡಿ. ಹಾಳೆಯ ಹಿಂದೆ ಹನಿಗಟ್ಟಿದ್ದರೆ ಅಥವಾ ಗೋಡೆ ಕಪ್ಪಾಗಿದ್ದರೆ ಇನ್ನೂ ಒಳಗೆ ನೀರಿದೆ. ಎಂಜಿನಿಯರ್ ಬಳಿ ಮುಳ್ಳಿನ ಮಾಯಿಶ್ಚರ್ ಮೀಟರ್ ಇದ್ದರೆ ಅದು ತೋರಿಸುವ ಅಂಕಿಗಿಂತಲೂ, ಕೆಳಮನೆಯ ಒಣ ಗೋಡೆಯ ಅಂಕಿಯೊಂದಿಗೆ ಹೋಲಿಕೆ ಮುಖ್ಯ. ಎರಡೂ ಸಮೀಪ ಬರುವವರೆಗೆ ಕಾಯಬೇಕು.

ಬೂಷ್ಟನ್ನು ಮಾತ್ರ ಕಾಯಲು ಬಿಡಬಾರದು. ತೇವದ ಮೇಲೆ ಅದು ಹುಟ್ಟಲು ಒಂದೆರಡು ದಿನ ಸಾಕು. ಒಣ ಪೊರಕೆಯಿಂದ ಗುಡಿಸಿದರೆ ಅದರ ಬೀಜಕಣಗಳು ಮನೆತುಂಬ ಹಾರುತ್ತವೆ. ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು, ಸೋಪಿನ ಪುಡಿ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಬ್ಲೀಚಿಂಗ್ ಪೌಡರ್ ಹಾಕಿದರೆ ಕಪ್ಪು ಬಣ್ಣ ಮಾಯವಾಗುತ್ತದೆ, ಗಾರೆಯೊಳಗೆ ಇಳಿದ ಬೇರು ಉಳಿಯುತ್ತದೆ. ಹಾಗೂ ಹಾಕುವುದಾದರೆ ಬಚ್ಚಲು ತೊಳೆಯುವ ಆ್ಯಸಿಡ್‌ನೊಂದಿಗೆ ಅದನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಈ ಕೆಲಸದ ಹತ್ತಿರ ಬರುವುದೇ ಬೇಡ.

ಸೂರಿನ ಕಂಬಿಯ ದುರಸ್ತಿ ಎಂಜಿನಿಯರ್ ಹೇಳಿದಂತೆ ಆಗಲಿ, ಆದರೆ ಸರಿಯಾದ ಕೆಲಸ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬೇಕು. ಮೊದಲು ಕೆಳಗಿನಿಂದ ಜಾಕಿ ಕೊಟ್ಟು ತಾರಸಿಗೆ ಆಸರೆ ಮಾಡುತ್ತಾರೆ. ಬಿಟ್ಟುಕೊಂಡ ಕಾಂಕ್ರೀಟನ್ನು ತುಕ್ಕು ಕಂಡಷ್ಟು ದೂರಕ್ಕೂ ಕೆತ್ತಿ ತೆಗೆಯುತ್ತಾರೆ, ಕಂಬಿಯ ಹಿಂದೆಯೂ ಬೆರಳು ಹೋಗುವಷ್ಟು ಜಾಗ ಮಾಡುತ್ತಾರೆ. ಕಂಬಿಯನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಬಳಿದು, ಹಳೆಯ ಕಾಂಕ್ರೀಟಿಗೆ ಹಿಡಿತ ಕೊಡುವ ಲೇಪ ಹಚ್ಚಿ, ಪಾಲಿಮರ್ ಬೆರೆತ ಗಾರೆಯನ್ನು ಪದರ ಪದರವಾಗಿ ಒತ್ತಿ, ನೀರುಣಿಸಿ ಕ್ಯೂರಿಂಗ್ ಮಾಡುತ್ತಾರೆ. ಕಾಣುವ ಕಂಬಿಯ ಮೇಲೆ ಹಾಗೆಯೇ ಸಿಮೆಂಟು ಬಡಿದು ‘ಪ್ಯಾಕ್ ಮಾಡಿದ್ದೇವೆ’ ಎಂದರೆ ಒಪ್ಪಬೇಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮೇಸ್ತ್ರಿಯ ಮಾತು ನಂಬಿ ಅಂಥ ಒಂದು ಕೆಲಸಕ್ಕೆ ಸಹಿ ಹಾಕಿದ್ದೆ. ಎರಡನೆಯ ಮಳೆಗಾಲದಲ್ಲಿ ಆ ತೇಪೆ ಪಕ್ಕದ ಒಳ್ಳೆಯ ಕಾಂಕ್ರೀಟನ್ನೂ ಕರೆದುಕೊಂಡು ಕೆಳಗೆ ಬಂತು. ಪುಣ್ಯಕ್ಕೆ ಕೋಣೆಯಲ್ಲಿ ಯಾರೂ ಇರಲಿಲ್ಲ.

ತಾರಸಿಯ ಮೇಲಿನ ಕೆಲಸಕ್ಕೆ ಬಂದರೆ, ಮೇಸ್ತ್ರಿಗಳು ಮೊದಲು ಹೇಳುವುದು ಸಿಮೆಂಟು ಹಾಲು (ನೀರಿನಲ್ಲಿ ತೆಳ್ಳಗೆ ಕದಡಿದ ಸಿಮೆಂಟು) ಹೊಯ್ಯುವುದನ್ನು. ಅಗ್ಗ ಹೌದು, ಒಂದು ಮಳೆಗಾಲ ತಡೆದರೂ ತಡೆದೀತು. ಆದರೆ 12 ಮೀಟರ್ ಉದ್ದದ ಕಾಂಕ್ರೀಟು ತಾರಸಿ 30 ಡಿಗ್ರಿ ಉಷ್ಣಾಂಶ ಏರಿದರೆ ಮೂರೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ, ತಂಪಾದಾಗ ಕುಗ್ಗುತ್ತದೆ. ಹೀಗೆ ಉಸಿರಾಡುವ ಬಿರುಕಿನೊಳಗೆ ಹಿಗ್ಗದ ಸಿಮೆಂಟು ತುಂಬಿದರೆ ಅದೂ ಬಿರಿಯುತ್ತದೆ. ಬಿರುಕನ್ನು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕೊರೆದು, ದೂಳು ಊದಿ, ರಬ್ಬರಿನಂತೆ ಎಳೆತ ತಾಳುವ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಪ್ಯಾರಾಪೆಟ್ಟಿನ ಬುಡದ ಮೂಲೆಯನ್ನು ಗಾರೆಯಿಂದ ಗುಂಡಗೆ ತಿದ್ದಬೇಕು, ಏಕೆಂದರೆ ಬಹುತೇಕ ತಾರಸಿಗಳು ಸೋರುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ನೀರು ಪೈಪಿನ ಕಡೆಗೆ 100 ಅಡಿಗೆ 1 ಅಡಿಯಷ್ಟಾದರೂ ವಾಟದಲ್ಲಿ ಹರಿಯಬೇಕು. ಅದರ ಮೇಲೆ ನೂಲಿನ ಬಲೆ ಸೇರಿಸಿ ಎಳೆತ ತಾಳುವ ಲೇಪವನ್ನು ಕನಿಷ್ಠ ಎರಡು ಕೋಟು, ಪ್ಯಾರಾಪೆಟ್ಟಿನ ಮೇಲೂ ಒಂದಡಿ ಹತ್ತುವಂತೆ ಹಚ್ಚಬೇಕು. ಆದರೆ ನಿಮ್ಮ ಇಟ್ಟಿಗೆ ಚೂರಿನ ಪದರ ನೆನೆದಿದ್ದರೆ ಇದೆಲ್ಲವನ್ನೂ ಅದರ ಮೇಲೆ ಮಾಡುವುದು ವ್ಯರ್ಥ: ಬಿಸಿಲು ಬಿದ್ದಾಗ ಕೆಳಗಿನ ನೀರು ಆವಿಯಾಗಿ ಲೇಪವನ್ನೇ ಎಬ್ಬಿಸುತ್ತದೆ. ಹಳೆಯ ಪದರ ಕಿತ್ತು, ಕಾಂಕ್ರೀಟನ್ನು ಒಣಗಿಸಿ, ಅದರ ಮೇಲೆ ಲೇಪ ಹಾಕಿ, ಹೊಸದಾಗಿ ವಾಟ ಕೊಡಬೇಕು. ಈ ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗೆ ಕಾಲ. ಲೇಪ ಹಚ್ಚುವುದು ಬೆಳಗ್ಗೆಯೋ ಸಂಜೆಯೋ ಆಗಲಿ, ನಡುಹಗಲ ಸುಡುವ ಕಾಂಕ್ರೀಟಿನ ಮೇಲೆ ಬೇಡ. ಲೇಪ ಪೂರ್ತಿ ಗಟ್ಟಿಯಾದ ಮೇಲೆ, ಎಂಜಿನಿಯರ್ ಒಪ್ಪಿದರೆ, ಒಂದೆರಡು ಇಂಚು ನೀರು ಕಟ್ಟಿ 48 ಗಂಟೆ ನಿಲ್ಲಿಸಿ ಕೆಳಗಿನ ಸೂರು ನೋಡಿ, ಕೊನೆಯ ಕಂತಿನ ಹಣವನ್ನು ಆಮೇಲೆ ಕೊಡಿ. ಅಲ್ಲಿಯವರೆಗೆ ಮಳೆ ತಡೆಯಲು ತಾರಸಿಗೆ ಟಾರ್ಪಾಲು ಹೊದಿಸಬಹುದು; ಅದನ್ನು ಪ್ಯಾರಾಪೆಟ್ಟಿನ ಹೊರಕ್ಕೆ ಇಳಿಬಿಟ್ಟು, ನಡುವೆ ಎತ್ತರಿಸಿ ಕಟ್ಟಿಸಿ. ಅಂಗಾತ ಹಾಸಿದ ಟಾರ್ಪಾಲು ಕೆರೆಯಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ ನಿಮ್ಮ ಊರಿಗೆ ನನ್ನ ಮೊದಲ ಆಯ್ಕೆ ಬೇರೆ. ಚಪ್ಪಟೆ ತಾರಸಿ ಒಣ ಸೀಮೆಯಿಂದ ಮಲೆನಾಡಿಗೆ ಬಂದ ನೆಂಟ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ತುಂಬ ಹರಡಿದ ಇಳಿಜಾರು ಮಾಡು ಇಲ್ಲಿನ ಮಳೆಗೆ ಹೇಳಿಮಾಡಿಸಿದ್ದಾಗಿತ್ತು. ಅದು ನೀರನ್ನು ತಡೆಯಲು ಹೋಗುತ್ತಿರಲಿಲ್ಲ, ಕೆಳಗೆ ಜಾರಿಸಿ ಕಳಿಸುತ್ತಿತ್ತು. ಆರ್‌ಸಿಸಿ ಮನೆಗಳ ಮೇಲೆ ಜನ ಈಗ ತಗಡಿನ ಮಾಡು ಕಟ್ಟಿಸುತ್ತಿರುವುದು ಅದೇ ಬುದ್ಧಿ. ಸೂರಿನ ದುರಸ್ತಿ ಮುಗಿದ ಬಳಿಕ, ತಾರಸಿಯ ಬಿರುಕುಗಳನ್ನು ಮುಚ್ಚಿಸಿ, ಮೇಲೆ ಒಂದು ಶೀಟಿನ ಮಾಡು ಹಾಕಿಸಿದರೆ ಮಳೆಯ ಜೊತೆಗೆ ಬಿಸಿಲೂ ತಾರಸಿಗೆ ನೇರ ತಾಗದೆ ಹಿಗ್ಗುಕುಗ್ಗು ಕಡಿಮೆಯಾಗುತ್ತದೆ. ಕಂಬಗಳನ್ನು ತಾರಸಿಯ ಕಾಂಕ್ರೀಟನ್ನು ಕೊರೆದು ನಿಲ್ಲಿಸಲು ಬಿಡಬೇಡಿ; ಗೋಡೆ ಅಥವಾ ತೊಲೆಯ ನೇರಕ್ಕೆ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಲಿ. ಗಾಳಿಗೆ ಮಾಡು ಹಾರದಂತೆ ಬಿಗಿತ ಎಷ್ಟು ಬೇಕೆಂಬುದನ್ನು ಅದೇ ಎಂಜಿನಿಯರ್ ಹೇಳಲಿ. ಶೀಟು ಪ್ಯಾರಾಪೆಟ್ಟಿನಿಂದ ಎರಡಡಿಯಾದರೂ ಹೊರಗೆ ಚಾಚಲಿ, ಬದಿಗಳು ಗಾಳಿಗೆ ತೆರೆದಿರಲಿ, ಮತ್ತು ಊರಿನ ಸ್ಥಳೀಯ ಸಂಸ್ಥೆಯ ಅನುಮತಿಯನ್ನು ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ ಗಾರೆ, ಬಣ್ಣ. ಗೋಡೆ ಪಾಲಿಥಿನ್ ಪರೀಕ್ಷೆಯಲ್ಲಿ ಗೆದ್ದ ಮೇಲೆ ಹೊಸ ಗಾರೆ ಹಾಕಿಸಿ, ಒಂದು ವಾರವಾದರೂ ನೀರುಣಿಸಿ, ಅದು ಹದಗೊಳ್ಳಲು ಒಟ್ಟು 28 ದಿನ ಬಿಡಿ. ಹಸಿ ಗಾರೆಯ ಕ್ಷಾರ ಬಣ್ಣವನ್ನು ಸುಡುತ್ತದೆ. ಸೂರಿನಲ್ಲಿ ಉಳಿದ ಕಂದು ಕಲೆಗಳ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಎಷ್ಟು ಕೋಟು ಹೊಡೆದರೂ ಕಲೆ ಮೇಲೇಳುತ್ತದೆ, ಏಕೆಂದರೆ ಅದರಲ್ಲಿರುವ ನೀರಿಗೇ ಕಲೆ ಕರಗುತ್ತದೆ. ಅಲ್ಲಿಗೆ ಎಣ್ಣೆ ಆಧಾರಿತ ಕಲೆ ತಡೆಯುವ ಪ್ರೈಮರ್ ಬೇಕು. ಬಣ್ಣ ಹೊಡೆಯುವ ಕಾಲ ಬರುವವರೆಗೆ ಗಾರೆ ಬರಿದಾಗಿ ಕಾಣುವುದು ಬೇಡ ಎನ್ನಿಸಿದರೆ ಸುಣ್ಣ ಬಳಿಸಿ. ನಾನು ಹಳೆಯ ಕಾಲದ ಮೋಹದಿಂದ ಹೇಳುತ್ತಿಲ್ಲ: ಸುಣ್ಣದ ಪದರದ ಮೂಲಕ ಗೋಡೆಯ ಆವಿ ಹೊರಹೋಗುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ. ಕೆರೆದು ಬರಿದು ಮಾಡಿದ ಗಾರೆಗೆ ಮಾತ್ರ ಅದು ಹಿಡಿಯುತ್ತದೆ, ಹಳೆಯ ಎಮಲ್ಷನ್ ಮೇಲೆ ನಿಲ್ಲದು. ಮುಂದೆ ಬಣ್ಣ ಹೊಡೆಸುವಾಗ ಆ ಸುಣ್ಣವನ್ನು ಚೆನ್ನಾಗಿ ಕೆರೆಸಿ ತೆಗೆಯಬೇಕಾಗುತ್ತದೆ, ಅಷ್ಟು ಕೆಲಸ ಹೆಚ್ಚು.

ನಿಶ್ಚಿತಾರ್ಥವನ್ನು ಮುಂದೂಡಬೇಕಿಲ್ಲ. ಮಹಡಿಯ ಕೋಣೆಗೆ ಬೀಗ ಹಾಕಿ, ಅತಿಥಿಗಳ ಮಕ್ಕಳು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ಹಾಲಿನಲ್ಲಿ ಫಾಲ್ಸ್ ಸೀಲಿಂಗ್ ಕತ್ತರಿಸಿದ ಜಾಗದಲ್ಲಿ ಮೇಲಿನ ಸೂರನ್ನೂ ತಟ್ಟಿ ನೋಡಿಸಿ. ಅಲ್ಲಿಯೂ ಡಬ ಎಂದರೆ ಹಾಲಿನಲ್ಲಿ ಜನ ಕೂರುವುದು ಬೇಡ, ಅಂಗಳದಲ್ಲಿ ಶಾಮಿಯಾನ ಹಾಕಿಸಿ. ಗಟ್ಟಿಯಾಗಿದೆ ಎಂದು ಎಂಜಿನಿಯರ್ ಹೇಳಿದರೆ ಹಾಲಿನಲ್ಲೇ ಮಾಡಿ. ಕಲೆಯಾದ ಗೋಡೆ ಮುಚ್ಚಲು ಬಟ್ಟೆಯ ಪರದೆ ಕಟ್ಟುವುದಾದರೆ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಟ್ಟಿಸಿ, ಕಾರ್ಯಕ್ರಮ ಮುಗಿದ ಸಂಜೆಯೇ ಬಿಚ್ಚಿಸಿ, ಫ್ಯಾನನ್ನು ಮತ್ತೆ ಆ ಗೋಡೆಯ ಕಡೆಗೆ ತಿರುಗಿಸಿಡಿ.